ರೈಟ್ ಆಫ್ ಅಂದರೆ ಮಾಫ್ ಅಲ್ಲ

ತೊಗರಿ ರಾಶಿ ಮುಗಿದ ಹೊತ್ತು. ನೆಲೋಗಿಯ ಚಹಾದಂಗಡಿಯಲ್ಲಿ ಕೂತಿದ್ದೆ. ನಮ್ಮ ಓಣಿಯ ಕಾಕಾ ಒಬ್ಬರು ಬಂದು ಪಕ್ಕದಲ್ಲಿ ಕೂತು ಮೊಬೈಲ್ ನನ್ನ ಕೈಗೆ ಕೊಟ್ಟರು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಸುದ್ದಿಯ ತುಣುಕು. ಬ್ಯಾಂಕುಗಳು ಲಕ್ಷಾಂತರ ಕೋಟಿ ರೂಪಾಯಿ ಸಾಲ ರೈಟ್ ಆಫ್ ಮಾಡಿವೆ ಎಂದು ಅದರಲ್ಲಿತ್ತು.

"ತಮ್ಮಾ, ನೀ ಪೇಪರಿನ ಓದು ಓದೀದಿ. ಇದೇನಂತ ಸ್ವಲ್ಪ ಹೇಳು. ಬ್ಯಾಂಕಿನ್ಯಾಗೂ ಕೇಳೀನಿ. ನಿಮ್ಮ ಖಾತಾ ರೈಟ್ ಆಫ್ ಆಗ್ಯಾದ ಅಂದ್ರು. ಅಂದ್ರ ಮಾಫ್ ಆದಂಗ ಅಲ್ಲೇನು?"

ನಾನು ಎರಡು ಸಾಲು ಓದಿದೆ. "ಹೌದ್ ಕಾಕಾ, ಹಂಗೇ ಇರ್ಬೇಕು" ಅಂದೆ.

ಕಾಕಾ ಆ ದಿನ ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು. ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದ ವರ್ಷ ಕಟ್ಟಲಾಗದೆ ಉಳಿದಿದ್ದ 1 ಲಕ್ಷ 10 ಸಾವಿರದ ಬೆಳೆ ಸಾಲ ಅದು. ಆಮೇಲೆ ಲೋಕ ಅದಾಲತ್ ನಡೆಯಿತು. ಬಾಕಿದಾರರು ಬಂದು ರಾಜಿ ಮಾಡಿಕೊಳ್ಳಿ ಎಂದು ಬ್ಯಾಂಕು ಚೀಟಿ ಕಳಿಸಿತ್ತು. "ನಂದು ರೈಟ್ ಆಫ್ ಆಗ್ಯಾದಲ್ಲ, ನಾ ಯಾಕ ಹೋಗ್ಲಿ" ಎಂದು ಕಾಕಾ ಹೋಗಲಿಲ್ಲ. ಕೆಲವು ತಿಂಗಳ ನಂತರ ವಕೀಲರ ನೋಟಿಸ್ ಬಂತು. ಅಸಲು, ಬಡ್ಡಿ, ಬಡ್ಡಿಯ ಮೇಲಿನ ಖರ್ಚು ಎಲ್ಲ ಸೇರಿಸಿ.

ಕಾಕಾ ನನ್ನನ್ನು ಬಯ್ಯಲಿಲ್ಲ. "ನಿನಗೂ ಗೊತ್ತಿರಲಿಲ್ಲ ಬಿಡು" ಅಂದರು. ಬಯ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಗೊತ್ತಿಲ್ಲದ ಮಾತಿಗೆ "ಹೌದು" ಅಂದವನು ನಾನು. ಹಾಗಾಗಿ ಆ ಎರಡು ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು, ನಮ್ಮ ಊರಿನ ಕಿವಿಗೆ ಬೀಳುವಾಗ ಯಾಕೆ ಬೇರೆ ಅರ್ಥ ಕೊಟ್ಟವು ಎಂದು ಹುಡುಕಿದೆ. ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ಸಣ್ಣ ಪದ, ಮೂರನೇ ಅರ್ಥ

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಹಿಂದೆ ಅಪ್, ಆಫ್, ಔಟ್, ಡೌನ್ ಅನ್ನೋ ಸಣ್ಣ ಪದ ಸೇರಿಸಿದರೆ ಬೇರೆಯದೇ ಅರ್ಥ ಹುಟ್ಟುತ್ತದೆ. ಇಂಥ ಮಾತುಗಳನ್ನು ನಾವು ದಿನಾ ಆಡುತ್ತೇವೆ. ಫಾರ್ಮ್ ಫಿಲಪ್ ಮಾಡಿದೆವು, ಆಸ್ಪತ್ರೆಗೆ ಚೆಕಪ್‌ಗೆ ಹೋದೆವು, ಹುಡುಗ ಎಂಟನೇತ್ತೆಗೆ ಡ್ರಾಪೌಟ್ ಆದ, ಫೋನ್ ಸ್ವಿಚ್ ಆಫ್ ಬರ್ತಿದೆ.

ಇದು ನಮಗೆ ಹೊಸದೇನಲ್ಲ. ಕನ್ನಡದಲ್ಲೂ ಎರಡು ಕ್ರಿಯಾಪದ ಜೋಡಿಸಿ ಹೊಸ ಅರ್ಥ ಮಾಡುತ್ತೇವೆ. "ಬರೆ" ಅನ್ನೋ ಒಂದೇ ಪದ ತೆಗೆದುಕೊಳ್ಳಿ. "ಬರೆದಿಡು" ಅಂದರೆ ಮರೆಯದಂತೆ ದಾಖಲಿಸು. "ಬರೆದುಕೋ" ಅಂದರೆ ನಿನಗಾಗಿ ಗುರುತು ಹಾಕಿಕೋ. "ಹೊಲ ಬರೆದುಕೊಟ್ಟ" ಅಂದರೆ? ಅವನು ಹೊಲದ ಬಗ್ಗೆ ಪ್ರಬಂಧ ಬರೆದು ಕೊಟ್ಟನೆಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಹೊಲ ಕೈಬಿಟ್ಟು ಹೋಯಿತು ಎಂದೇ ಅರ್ಥ. ಕನ್ನಡ ಕಲಿಯಲು ಬಂದ ಪರದೇಶದವನು ಇಲ್ಲಿ ಎಡವುತ್ತಾನೆ. ನಾವು ರೈಟ್ ಆಫ್‌ನಲ್ಲಿ ಎಡವಿದ್ದೂ ಹೀಗೆಯೇ.

ನಮಗೆ ಹೆಚ್ಚು ಪರಿಚಯ ಇರುವ "ಆಫ್" ಸ್ವಿಚ್ಚಿನದು. ಸ್ವಿಚ್ ಆಫ್ ಅಂದರೆ ದೀಪ ಆರಿತು, ಮೋಟಾರು ನಿಂತಿತು. ಅದೇ ಲೆಕ್ಕದಲ್ಲಿ ಸಾಲ ರೈಟ್ ಆಫ್ ಅಂದರೆ ಸಾಲ ಆರಿತು ಎಂದು ಕಿವಿ ತಿಳಿಯುತ್ತದೆ. ಕಾಕಾಗೂ ಹಾಗೇ ಅನಿಸಿತು, ನನಗೂ ಹಾಗೇ ಅನಿಸಿತು.

ಆದರೆ "ಆಫ್" ಪದದ ಹಳೆಯ ಅರ್ಥ ಆರುವುದಲ್ಲ. ದೂರ, ಬೇರೆ ಕಡೆ, ಇಲ್ಲಿಂದ ಆಚೆ ಎಂಬುದು ಅದರ ಮೂಲ. ಇಂಗ್ಲಿಷಿನ "ಆಫ್" ಮತ್ತು "ಆವ್" (ರಾಮನ, ಊರಿನ ಎಂಬ ಅರ್ಥದ ಪದ) ಮೊದಲು ಒಂದೇ ಪದವಾಗಿದ್ದವು. ಒತ್ತಿ ಹೇಳಿದಾಗ "ಆಫ್" ಆಯಿತು. "ದೂರಕ್ಕೆ" ಎಂಬ ಅರ್ಥದಲ್ಲಿ ಅದು ಬೇರೆ ಪದವಾಗಿ ಗಟ್ಟಿಯಾದದ್ದು 17ನೇ ಶತಮಾನದ ಹೊತ್ತಿಗೆ.

ಹಾಗಾದರೆ ರೈಟ್ ಆಫ್ ಅಂದರೆ ಬರೆದು ಆಚೆ ಸರಿಸುವುದು. ಎಲ್ಲಿಂದ ಆಚೆ, ಯಾವ ಕಡೆಗೆ ಅನ್ನೋದೇ ಮುಖ್ಯ.

ಗೀರು, ಕೋಲು, ಪುಸ್ತಕ

"ರೈಟ್" ಅನ್ನೋ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಗೀರು, ಕೊರೆ ಎಂಬ ಅರ್ಥವಿತ್ತು. ಕಾಗದ ಬರುವ ಮುಂಚೆ ಬರೆಯುವುದೆಂದರೆ ಮರದ ಮೇಲೋ ಕಲ್ಲಿನ ಮೇಲೋ ಕೊರೆಯುವುದೇ ಆಗಿತ್ತು. ನಮ್ಮ ಕನ್ನಡದಲ್ಲೂ "ಬರೆ" ಅಂದರೆ ಗೆರೆ, ಗೀರು. ಕಾದ ಕಬ್ಬಿಣದಿಂದ ಬರೆ ಹಾಕುವುದು ಎನ್ನುತ್ತೇವಲ್ಲ, ಅದೇ ಬರೆ.

ಇಂಗ್ಲೆಂಡಿನಲ್ಲಿ ನೂರಾರು ವರ್ಷ ಸರ್ಕಾರದ ಲೆಕ್ಕವನ್ನು ಕೋಲಿನ ಮೇಲೆ ಗೀರಿ ಇಡುತ್ತಿದ್ದರು. ಎಷ್ಟು ಹಣವೋ ಅದಕ್ಕೆ ತಕ್ಕ ಕಚ್ಚು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಒಂದು ಹೋಳು ಕೊಟ್ಟವನಿಗೆ, ಇನ್ನೊಂದು ಪಡೆದವನಿಗೆ. ಲೆಕ್ಕ ಮುಗಿಸುವಾಗ ಎರಡೂ ಹೋಳನ್ನು ಜೋಡಿಸಿ ಕಚ್ಚುಗಳು ಕೂಡುತ್ತವೆಯೇ ನೋಡುತ್ತಿದ್ದರು. ಅಂದರೆ ಸಾಲದ ದಾಖಲೆ ಇಬ್ಬರ ಕೈಯಲ್ಲೂ ಇರುತ್ತಿತ್ತು. ಈ ಪದ್ಧತಿ 1826ರಲ್ಲಿ ನಿಂತಿತು. ಉಳಿದ ಹಳೆಯ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟ್ ಕಟ್ಟಡದ ಒಲೆಗಳಲ್ಲಿ ಸುಡಲು ಹೋಗಿ, ಬೆಂಕಿ ಹೆಚ್ಚಾಗಿ ಲಂಡನ್ನಿನ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯಿತು.

ಅಷ್ಟರಲ್ಲಿ ವ್ಯಾಪಾರಿಗಳು ಕೋಲು ಬಿಟ್ಟು ಪುಸ್ತಕಕ್ಕೆ ಬಂದಿದ್ದರು. ಇಟಲಿಯ ವ್ಯಾಪಾರಿಗಳು ಬಳಸುತ್ತಿದ್ದ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಲೆಕ್ಕದ ರೀತಿಯನ್ನು ಲೂಕಾ ಪಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ ಪಟ್ಟಣದಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವಿವರಿಸಿದ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು, ಎರಡೂ ಸರಿ ಹೋಗಬೇಕು. ಆದರೆ ಈ ಪುಸ್ತಕ ಇರುವುದು ಒಬ್ಬನ ಹತ್ತಿರ ಮಾತ್ರ. ಕೋಲಿನ ಹಾಗೆ ಎರಡು ಹೋಳಿಲ್ಲ.

ಈ ಪುಸ್ತಕದ ಲೋಕದಲ್ಲಿ ಹುಟ್ಟಿದ ಮಾತು ರೈಟ್ ಆಫ್. ಲೆಕ್ಕಪತ್ರದ ಅರ್ಥದಲ್ಲಿ ಅದು ಇಂಗ್ಲಿಷಿನಲ್ಲಿ ಕಾಣಿಸುವುದು 1680ರ ದಶಕದಿಂದ. ಬರುವ ಭರವಸೆ ಇಲ್ಲದ ಹಣವನ್ನು ಬರಬೇಕಾದ ಹಣದ ಸಾಲಿನಿಂದ ತೆಗೆದು ನಷ್ಟದ ಕಡೆಗೆ ಬರೆಯುವುದು, ಇದಿಷ್ಟೇ ಅದರ ಅರ್ಥ. ಇನ್ನೂರು ವರ್ಷ ಅದು ಲೆಕ್ಕಿಗರ ಮಾತಾಗಿಯೇ ಇತ್ತು. 19ನೇ ಶತಮಾನದ ಕೊನೆಗೆ ಮನುಷ್ಯರಿಗೂ ಅಂಟಿತು. "ಇವನು ಇನ್ನು ಕೆಲಸಕ್ಕೆ ಬರುವುದಿಲ್ಲ, ಬಿಟ್ಟುಬಿಡಿ" ಎಂಬ ಅರ್ಥ. ಕ್ರಿಕೆಟ್ ಕಾಮೆಂಟರಿಯಲ್ಲಿ "ಈ ಟೀಮನ್ನು ರೈಟ್ ಆಫ್ ಮಾಡಬೇಡಿ" ಎನ್ನುವುದು ಈ ಅರ್ಥದಲ್ಲಿ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ

ಇದು ಇಂಗ್ಲೆಂಡಿನ ಕಥೆಯಾಯಿತು. ನಮ್ಮೂರಿನ ಕಿರಾಣಿ ಅಂಗಡಿಗೆ ಬನ್ನಿ.

ಅಂಗಡಿಯವರ ಹತ್ತಿರ ಉದ್ರಿ ಪುಸ್ತಕ ಇದೆ. ಅದರಲ್ಲಿ ಒಬ್ಬನ ಹೆಸರಿಗೆ 900 ರೂಪಾಯಿ ಇದೆ. ಅವನು ಮೂರು ವರ್ಷದ ಹಿಂದೆ ದುಡಿಯಲು ಮುಂಬೈಗೋ ಪುಣೆಗೋ ಹೋದ, ಮತ್ತೆ ಈ ಕಡೆ ಬಂದಿಲ್ಲ. ದೀಪಾವಳಿಗೆ ಅಂಗಡಿಯಲ್ಲಿ ಲಕ್ಷ್ಮೀ ಪೂಜೆ ಮಾಡಿ ಹೊಸ ಪುಸ್ತಕ ತೆರೆಯುತ್ತಾರೆ. ಹಳೆಯ ಬಾಕಿಗಳನ್ನು ಒಂದೊಂದಾಗಿ ಹೊಸ ಪುಸ್ತಕಕ್ಕೆ ಏರಿಸುವಾಗ ಈ 900 ಬಂದಾಗ ಅಂಗಡಿಯವರು ಏನು ಮಾಡುತ್ತಾರೆ? "ಇದು ಬರೋ ದುಡ್ಡಲ್ಲ" ಎಂದು ಹೊಸ ಪುಸ್ತಕಕ್ಕೆ ಏರಿಸುವುದಿಲ್ಲ. ಏರಿಸಿದರೆ ತಮಗೆ ಬರಬೇಕಾದದ್ದು ಇಷ್ಟಿದೆ ಎಂದು ತಮಗೆ ತಾವೇ ಸುಳ್ಳು ಹೇಳಿಕೊಂಡ ಹಾಗಾಗುತ್ತದೆ.

ಈಗ ಅವನು ಜಾತ್ರೆಗೆ ಊರಿಗೆ ಬಂದ ಅಂತಿಟ್ಟುಕೊಳ್ಳಿ. ಅಂಗಡಿ ಮುಂದೆ ಹಾದುಹೋಗುತ್ತಾನೆ. ಅಂಗಡಿಯವರು ಸುಮ್ಮನಿರುತ್ತಾರೆಯೇ? "ಏನಪಾ, ಆ ಒಂಬತ್ತು ನೂರು ಎಂದ ಕೊಡ್ತಿ?" ಎಂದು ಕೇಳೇ ಕೇಳುತ್ತಾರೆ. ಹಳೆಯ ಪುಸ್ತಕ ಮಾಳಿಗೆಯ ಮೇಲೆ ಇನ್ನೂ ಇದೆ.

ಹೊಸ ಪುಸ್ತಕಕ್ಕೆ ಏರಿಸದೆ ಬಿಟ್ಟದ್ದು ರೈಟ್ ಆಫ್. "ಹೋಗ್ಲಿ ಬಿಡು, ನೀ ಕಷ್ಟದಾಗ ಇದ್ದಿ, ಕೊಡೋದು ಬ್ಯಾಡ" ಎಂದು ಅವನ ಮುಖ ನೋಡಿ ಹೇಳಿದರೆ ಅದು ಮಾಫ್.

ಹಿಂದಿಯಲ್ಲಿ ಇದಕ್ಕೆ ಒಂದು ಸರಿಯಾದ ಮಾತಿದೆ. "ಬಟ್ಟೇ ಖಾತೇ ಮೇ ಡಾಲ್ನಾ" ಎನ್ನುತ್ತಾರೆ. ಬಟ್ಟಾ ಎಂದರೆ ಕಡಿತ, ನಷ್ಟ. ಸಾಲವನ್ನು ನಷ್ಟದ ಖಾತೆಗೆ ಹಾಕುವುದು. ಒಂದು ಖಾತೆಯಿಂದ ತೆಗೆದು ಇನ್ನೊಂದು ಖಾತೆಗೆ ಹಾಕಿದರು, ಅಷ್ಟೇ. ಮಾಫ್ ಎಂದು ಯಾರೂ ಹೇಳಲಿಲ್ಲ.

ನಿಜಾಮರ ಕಾಲದ ಪದಗಳು

ನಮ್ಮ ಜೇವರ್ಗಿ, ಆಳಂದ, ಅಫಜಲಪುರದ ನೆಲ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಮೊದಲು ಪಾರ್ಸಿ, 19ನೇ ಶತಮಾನದ ಕೊನೆಯ ಭಾಗದಿಂದ ಉರ್ದು. ಆ ಕಾಲದ ಲೆಕ್ಕದ ಪದಗಳು ಇವತ್ತಿಗೂ ನಮ್ಮ ಬಾಯಲ್ಲಿವೆ. ಬಾಕಿ, ವಸೂಲಿ, ಜಮಾ, ಜಪ್ತಿ, ಮಾಫ್. ಇವು ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ಉರ್ದುಗೆ, ಉರ್ದುವಿನಿಂದ ನಮ್ಮ ಕನ್ನಡಕ್ಕೆ ಬಂದ ಪದಗಳು. ಓದು ಬಾರದ ಅಜ್ಜಿಗೂ ಬಾಕಿ ಅಂದರೇನು, ಜಪ್ತಿ ಅಂದರೇನು ಗೊತ್ತು. ಯಾಕೆಂದರೆ ಆ ಪದಗಳ ಬಿಸಿ ಮನೆಗೆ ತಟ್ಟಿದೆ.

ಮಾಫ್ ಅನ್ನೋ ಪದ ಇಬ್ಬರ ನಡುವೆ ನಡೆಯುವಂಥದು. ಮಾಫ್ ಮಾಡುವವನು ಒಬ್ಬ, ಮಾಫ್ ಪಡೆಯುವವನು ಇನ್ನೊಬ್ಬ. ಕೊಟ್ಟವನು ತನ್ನ ಹಕ್ಕನ್ನು ಬಿಟ್ಟಾಗ ಮಾತ್ರ ಅದು ಮಾಫ್. ಕನ್ನಡದ "ಮನ್ನಿಸು" ಕೂಡ ಹಾಗೇ. ಎದುರಿಗೆ ಒಬ್ಬರು ಇದ್ದರೆ ಮಾತ್ರ ಮನ್ನಿಸಲು ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬೇರೆಯದೇ ಪದ ಇದೆ, "ವೇವ್". ನನಗಿರುವ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಅದರ ಅರ್ಥ. ಸರ್ಕಾರ ಸಾಲ ಮನ್ನಾ ಮಾಡಿದಾಗ ಇಂಗ್ಲಿಷ್ ಕಾಗದದಲ್ಲಿ ಬರೆಯುವುದು ಈ ಪದದಿಂದ ಬಂದ "ವೇವರ್" ಎಂದು.

ರೈಟ್ ಆಫ್‌ಗೆ ಒಬ್ಬನೇ ಸಾಕು, ಅವನ ಪುಸ್ತಕ ಒಂದಿದ್ದರೆ ಆಯಿತು. ಸಾಲ ತೆಗೆದುಕೊಂಡವನು ಎದುರಿಗೆ ಇರಬೇಕಿಲ್ಲ, ಅವನಿಗೆ ಗೊತ್ತೂ ಆಗಬೇಕಿಲ್ಲ. ಬ್ಯಾಂಕು ತನ್ನ ಜೊತೆ ತಾನೇ ಆಡಿಕೊಳ್ಳುವ ಮಾತು ಅದು. ಆ ಮಾತು ಪೇಪರಿಗೆ ಬಂದು, ಪೇಪರಿನಿಂದ ವಾಟ್ಸಾಪಿಗೆ ಬಂದು, ನೆಲೋಗಿಯ ಚಹಾದಂಗಡಿಗೆ ಬಂದಾಗ ನಮಗೇ ಹೇಳಿದ ಹಾಗೆ ಕೇಳಿಸಿತು.

ಪುಸ್ತಕ ಸುಟ್ಟವರು

ಸಾಲ ಇರುವುದು ಪುಸ್ತಕದಲ್ಲಿ, ಪುಸ್ತಕ ಇರುವುದು ಇನ್ನೊಬ್ಬನ ಕೈಯಲ್ಲಿ. ಈ ಸಂಕಟ ನಮ್ಮ ಸುತ್ತಲಿನ ರೈತರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು.

ಅಫಜಲಪುರದಿಂದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅದು ಆಗ ಬ್ರಿಟಿಷರ ಮುಂಬೈ ಪ್ರಾಂತ್ಯ. ಅದರಾಚೆಯ ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ಎದ್ದರು. ಅಮೆರಿಕದ ಅಂತರ್ಯುದ್ಧ ನಡೆದ 1860ರ ದಶಕದ ಮೊದಲ ಭಾಗದಲ್ಲಿ ಹತ್ತಿಗೆ ಭಾರೀ ಬೆಲೆ ಬಂದಿತ್ತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟಿದ್ದರು. ಯುದ್ಧ ಮುಗಿದು ಬೆಲೆ ಬಿದ್ದಿತು, ಮೇಲಿಂದ ಸರ್ಕಾರ ಕಂದಾಯ ಏರಿಸಿತು. ಸಾಲ ಮಾತ್ರ ಪುಸ್ತಕದಲ್ಲಿ ಬೆಳೆಯುತ್ತ ಹೋಯಿತು. ಓದು ಬಾರದ ರೈತನ ಹೆಬ್ಬೆಟ್ಟು ಯಾವ ಕಾಗದದ ಮೇಲೆ ಬಿದ್ದಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ಗಲಾಟೆ ಶುರುವಾಗಿ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ರೈತರು ಮುಖ್ಯವಾಗಿ ಹುಡುಕಿದ್ದು ಸಾಲದ ಬಾಂಡುಗಳು ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕವನ್ನು ಸುಟ್ಟರು. ಸಾಹುಕಾರ ತಾನಾಗಿ ಕಾಗದ ಒಪ್ಪಿಸಿದ ಕಡೆ ಹೆಚ್ಚಾಗಿ ಕೈ ಮಾಡಲಿಲ್ಲ.

ಬ್ರಿಟಿಷ್ ಸರ್ಕಾರ ಇದರ ವಿಚಾರಣೆಗೆ ಆಯೋಗ ನೇಮಿಸಿತು. 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಅಹಮದನಗರದ ಜೊತೆ ಸೊಲ್ಲಾಪುರ ಜಿಲ್ಲೆಗೂ ಅದು ಅನ್ವಯಿಸಿತು. ಬಾಂಡಿನಲ್ಲಿ ಬರೆದದ್ದನ್ನಷ್ಟೇ ನೋಡದೆ, ಮೊದಲು ಎಷ್ಟು ಕೊಟ್ಟರು, ಎಷ್ಟು ವಾಪಸ್ ಬಂತು ಎಂದು ಸಾಲದ ಪೂರ್ತಿ ಚರಿತ್ರೆಯನ್ನು ಕೆದಕಿ ನೋಡುವ ಅಧಿಕಾರ ಕೋರ್ಟಿಗೆ ಸಿಕ್ಕಿತು. ಪುಸ್ತಕದಲ್ಲಿ ಇದ್ದದ್ದೇ ಸತ್ಯ ಅಲ್ಲ ಎಂದು ಕಾನೂನು ಒಪ್ಪಿದ ಹಾಗಾಯಿತು.

ನಿಜವಾದ ಮನ್ನಾಗಳು

ನಮ್ಮ ರಾಜ್ಯದಲ್ಲಿ ನಿಜವಾದ ಮಾಫ್ ಕೂಡ ಹಲವು ಸಲ ನಡೆದಿದೆ. ಪ್ರತಿಸಲವೂ ಕಾನೂನೋ ಸರ್ಕಾರದ ಆದೇಶವೋ ಇದ್ದೇ ಇತ್ತು.

ದೇವರಾಜ ಅರಸು ಅವರ ಕಾಲದಲ್ಲಿ, 1976ರಲ್ಲಿ, ಕರ್ನಾಟಕ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ದುರ್ಬಲ ವರ್ಗದವರು ಸಾಹುಕಾರರಿಂದ ಪಡೆದ ಸಾಲ ತೀರಿದಂತೆ ಎಂದು ಅದು ಹೇಳಿತು. ಅದೇ ವರ್ಷ ಕೇಂದ್ರದ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಜೀತಕ್ಕೆ ಕಾರಣವಾದ ಸಾಲವನ್ನೂ ರದ್ದು ಮಾಡಿತು.

1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಯೋಜನೆಯಲ್ಲಿ 10,000 ರೂಪಾಯಿವರೆಗಿನ ಸಾಲ ಮನ್ನಾ ಆಯಿತು. 2008ರ ಫೆಬ್ರುವರಿ 29ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮತ್ತೆ ಮನ್ನಾ ಘೋಷಿಸಿತು. 5 ಎಕರೆವರೆಗಿನ ರೈತರ ಬಾಕಿ ಪೂರ್ತಿ ಹೋಯಿತು. ಅದಕ್ಕಿಂತ ಹೆಚ್ಚು ಹೊಲ ಇದ್ದವರು ಶೇ 75 ಕಟ್ಟಿದರೆ ಉಳಿದ ಶೇ 25 ಬಿಟ್ಟರು. ರಾಜ್ಯದಲ್ಲಿ 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. 2018ರ ಜುಲೈ 5ರ ಬಜೆಟ್‌ನಲ್ಲಿ ಕುಮಾರಸ್ವಾಮಿ ಸರ್ಕಾರ 2 ಲಕ್ಷ ರೂಪಾಯಿವರೆಗಿನ ಬೆಳೆ ಸಾಲ ಮನ್ನಾ ಘೋಷಿಸಿತು.

1990ರಿಂದ ಈಚಿನ ಈ ಮನ್ನಾಗಳಲ್ಲಿ ಒಂದು ಸಮಾನ ಅಂಶ ನೋಡಿ. ಯಾರಿಗೆ, ಎಷ್ಟು, ಯಾವ ತಾರೀಖಿನವರೆಗಿನ ಸಾಲ ಎಂದು ಎಲ್ಲರಿಗೂ ತಿಳಿಯುವಂತೆ ಹೇಳಿದ್ದರು. ರೈತನ ಬದಲು ಬ್ಯಾಂಕಿಗೆ ಹಣ ಕೊಡುವ ಹೊಣೆ ಸರ್ಕಾರ ಹೊತ್ತಿತು. ಅಷ್ಟಾದರೂ ತಪ್ಪುಗಳಾದವು. 2008ರ ಯೋಜನೆಯನ್ನು ಪರಿಶೀಲಿಸಿ ಸಿಎಜಿ 2013ರಲ್ಲಿ ಕೊಟ್ಟ ವರದಿಯಲ್ಲಿ, ತಾನು ನೋಡಿದ ಸುಮಾರು 90 ಸಾವಿರ ಖಾತೆಗಳಲ್ಲಿ ಶೇ 22ರಷ್ಟರಲ್ಲಿ ಲೋಪ ಇದೆ ಎಂದು ಹೇಳಿತು. ಬರಬೇಕಾದವರಿಗೆ ಬಂದಿರಲಿಲ್ಲ, ಬರಬಾರದವರಿಗೆ ಬಂದಿತ್ತು. ಸರ್ಕಾರಿ ಮನ್ನಾದಲ್ಲೇ ಹೀಗಾದರೆ ವಾಟ್ಸಾಪ್ ಮನ್ನಾವನ್ನು ಹೇಗೆ ನಂಬುವುದು?

16 ಲಕ್ಷ ಕೋಟಿಯ ಸುದ್ದಿ

ಕಾಕಾನ ಮೊಬೈಲಿಗೆ ಬಂದ ಸುದ್ದಿ ಸುಳ್ಳಾಗಿರಲಿಲ್ಲ. 2014-15ರಿಂದ ಹತ್ತು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 16.35 ಲಕ್ಷ ಕೋಟಿ ರೂಪಾಯಿ ರೈಟ್ ಆಫ್ ಮಾಡಿವೆ ಎಂದು ಕೇಂದ್ರ ಸರ್ಕಾರವೇ 2025ರ ಮಾರ್ಚ್‌ನಲ್ಲಿ ಲೋಕಸಭೆಗೆ ಉತ್ತರ ಕೊಟ್ಟಿದೆ. ಇದರಿಂದ ಸಾಲಗಾರರ ಹೊಣೆ ಮನ್ನಾ ಆಗುವುದಿಲ್ಲ, ವಸೂಲಿ ಮುಂದುವರಿಯುತ್ತದೆ ಎಂದೂ ಅದೇ ಉತ್ತರದಲ್ಲಿ ಇತ್ತು. ಮೊಬೈಲಿಗೆ ಬಂದ ತುಣುಕಿನಲ್ಲಿ ಈ ಎರಡನೇ ಮಾತು ಇರಲಿಲ್ಲ.

ಬ್ಯಾಂಕು ಯಾಕೆ ರೈಟ್ ಆಫ್ ಮಾಡುತ್ತದೆ? ಬಹುತೇಕ ಸಾಲಗಳಿಗೆ 90 ದಿನ ಕಂತು ಬರದಿದ್ದರೆ ಅದು ಎನ್‌ಪಿಎ, ಅಂದರೆ ದುಡಿಯದ ಸಾಲ. ತೊಗರಿ, ಜೋಳದಂಥ ಬೆಳೆಗೆ ಕೊಟ್ಟ ಸಾಲವಾದರೆ ಎರಡು ಬೆಳೆ ಹಂಗಾಮು ನೋಡುತ್ತಾರೆ. ಎನ್‌ಪಿಎ ಆದ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಡಬೇಕು. ವರ್ಷ ಕಳೆದಂತೆ ಹೆಚ್ಚು ತೆಗೆದಿಡಬೇಕು. ಪೂರ್ತಿ ತೆಗೆದಿಟ್ಟ ಮೇಲೆ ಆ ಸಾಲವನ್ನು ತನ್ನ ಆಸ್ತಿಯ ಪಟ್ಟಿಯಿಂದ ಸರಿಸುತ್ತದೆ. ಕಿರಾಣಿ ಅಂಗಡಿಯವರು 900 ರೂಪಾಯಿಯನ್ನು ಹೊಸ ಪುಸ್ತಕಕ್ಕೆ ಏರಿಸದೆ ಬಿಟ್ಟ ಹಾಗೆ. ಆದರೆ ಸಾಲಗಾರನ ಖಾತೆಯಲ್ಲಿ ಸಾಲ ಹಾಗೇ ಇರುತ್ತದೆ.

ರಿಸರ್ವ್ ಬ್ಯಾಂಕ್ 2023ರ ಜೂನ್ 8ರ ಸುತ್ತೋಲೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಟೆಕ್ನಿಕಲ್ ರೈಟ್ ಆಫ್ ಎಂದರೆ ಲೆಕ್ಕಪತ್ರದ ಸಲುವಾಗಿ ಮಾತ್ರ ಮಾಡಿದ್ದು, ಸಾಲಗಾರನ ಮೇಲಿನ ಹಕ್ಕನ್ನು ಬಿಟ್ಟದ್ದಲ್ಲ ಎಂದು. 1680ರ ದಶಕದ ಲೆಕ್ಕಿಗನ ಅರ್ಥವೇ ಮುನ್ನೂರು ವರ್ಷ ದಾಟಿ ಹಾಗೇ ಉಳಿದಿದೆ.

ಇದರಲ್ಲಿ ನಮ್ಮ ಪತ್ರಕರ್ತರ ತಪ್ಪೂ ಇದೆ. ತಲೆಬರಹಕ್ಕೆ ಜಾಗ ಕಡಿಮೆ ಎಂದು ರೈಟ್ ಆಫ್ ಅನ್ನು "ಮನ್ನಾ" ಎಂದು ಬರೆದುಬಿಡುತ್ತೇವೆ. ದೊಡ್ಡ ಕಂಪನಿಗಳ ಸಾಲ ಮನ್ನಾ ಆಯಿತೆಂದು ಓದಿ ಸಣ್ಣ ರೈತ ತನ್ನದೂ ಆಗಿರಬೇಕು ಎಂದುಕೊಳ್ಳುತ್ತಾನೆ. ಇನ್ನೊಬ್ಬ ಅದನ್ನೇ ಓದಿ, "ದೊಡ್ಡವರಿಗೆ ಬಿಟ್ಟಾರ, ನಾ ಯಾಕ ಕಟ್ಲಿ" ಎಂದು ಕಟ್ಟುವುದನ್ನು ನಿಲ್ಲಿಸುತ್ತಾನೆ. ಕಂಪನಿಗೆ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ. ರೈತನ ಹತ್ತಿರ ಇರುವುದು ವಾಟ್ಸಾಪ್ ತುಣುಕು.

ಇನ್ನೊಂದು ಸಂಗತಿ ಕಹಿಯಾದದ್ದು. ಸಾಲ ರೈಟ್ ಆಫ್ ಆದ ವಿವರ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಹೋಗುತ್ತದೆ. ಆಮೇಲೆ ಮಗನ ಓದಿಗೋ, ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದರೆ ಕಂಪ್ಯೂಟರಿನಲ್ಲಿ ಹೆಸರಿನ ಮುಂದೆ ಆ ಎರಡು ಪದ ಕಾಣುತ್ತವೆ. ಲೆಕ್ಕಿಗನ ಅರ್ಥದಲ್ಲಿ ಸಾಲ ಹೋಗಿಲ್ಲ. ಕ್ರಿಕೆಟ್ ಕಾಮೆಂಟರಿಯ ಅರ್ಥದಲ್ಲಿ ಮನುಷ್ಯನನ್ನು ಕೈಬಿಟ್ಟಾಗಿದೆ.

ಕೇಳಬೇಕಾದ ಪದ

ಹಾಗಾದರೆ ಏನು ಮಾಡಬೇಕು? ಕಾಕಾನ ಜೊತೆ ಓಡಾಡಿ ನಾನು ಕಲಿತದ್ದು ಇಷ್ಟು.

ಬ್ಯಾಂಕಿನಲ್ಲಿ "ರೈಟ್ ಆಫ್ ಆಗಿದೆ" ಎಂದರೆ ಎದ್ದು ಬರಬೇಡಿ. "ನಾನು ಇನ್ನೂ ಎಷ್ಟು ಕಟ್ಟಬೇಕು? ಬರೆದು ಕೊಡಿ" ಎಂದು ಕೇಳಿ. ಸರ್ಕಾರದ ಮನ್ನಾ ಎಂದರೆ ಯಾವ ವರ್ಷದ ಯೋಜನೆ, ನನ್ನ ಹೆಸರಿಗೆ ಎಷ್ಟು ಜಮಾ ಆಗಿದೆ ಎಂದು ಕೇಳಿ.

ಪಹಣಿ ತೆಗೆಸಿ ನೋಡಿ. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣದ ವಿವರ ಇರುತ್ತದೆ. ಅಲ್ಲಿ ಬ್ಯಾಂಕಿನ ಹೆಸರಿದ್ದರೆ ಹೊಲದ ಮೇಲೆ ಬೋಜಾ ಇನ್ನೂ ಇದೆ ಎಂದು ತಿಳಿಯಿರಿ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಪತ್ರ ತಂದು ಬೋಜಾ ಕಡಿಮೆ ಮಾಡಿಸದಿದ್ದರೆ ಅದು ತಾನಾಗಿ ಹೋಗುತ್ತದೆ ಎಂದು ನಂಬಿ ಕೂರಬೇಡಿ.

ವರ್ಷಕ್ಕೊಮ್ಮೆ ನಿಮ್ಮ ಸಾಲದ ದಾಖಲೆಯ ವರದಿಯನ್ನು ಸಿಬಿಲ್‌ನಂಥ ಸಂಸ್ಥೆಗಳು ಪುಕ್ಕಟೆ ಕೊಡಬೇಕು. ಊರಿನ ಓದಿದ ಹುಡುಗರಿಂದ ತೆಗೆಸಿ ನೋಡಬಹುದು.

ಲೋಕ ಅದಾಲತ್ತಿನ ಚೀಟಿ ಬಂದರೆ ತಪ್ಪದೆ ಹೋಗಿ. ಅಲ್ಲಿ ಕೋರ್ಟ್ ಫೀ ಇಲ್ಲ. ಬಡ್ಡಿ ಕಡಿಮೆ ಮಾಡಿ ಎಂದು ಎದುರಿಗೆ ಕೂತು ಕೇಳಬಹುದು. ರಾಜಿಯಾದರೆ ಎಷ್ಟು ಮೊತ್ತ, ಎಷ್ಟು ಕಂತು ಎಂದು ಕಾಗದದ ಮೇಲೆ ಬರಲಿ. ಕಡಿಮೆ ಕಟ್ಟಿ ಮುಗಿಸಿದ ಸಾಲ ದಾಖಲೆಯಲ್ಲಿ "ಸೆಟಲ್ಡ್" ಎಂದು ಬರುತ್ತದೆ, ಪೂರ್ತಿ ಕಟ್ಟಿದ್ದು "ಕ್ಲೋಸ್ಡ್" ಎಂದು ಬರುತ್ತದೆ. ಎರಡೂ ಒಂದೇ ಅಲ್ಲ ಎಂಬುದೂ ನೆನಪಿರಲಿ.

ಕೊನೆಗೆ ಕೇಳಬೇಕಾದದ್ದು ಒಂದು ಕಾಗದ. ಅದಕ್ಕೆ ಇಂಗ್ಲಿಷ್ ಹೆಸರು ಹುಡುಕಬೇಕಿಲ್ಲ. ನಮ್ಮ ಕಚೇರಿಗಳಲ್ಲಿ ಇವತ್ತಿಗೂ ನಡೆಯುವ ಹಳೆಯ ಪದ ಇದೆ, ಬೇಬಾಕಿ ಪ್ರಮಾಣ ಪತ್ರ. ಪಾರ್ಸಿಯಲ್ಲಿ "ಬೇ" ಅಂದರೆ ಇಲ್ಲದ. ಬೇಬಾಕಿ ಅಂದರೆ ಬಾಕಿ ಇಲ್ಲದ. ಇಂಥವರ ಮೇಲೆ ನಮ್ಮದೇನೂ ಬಾಕಿ ಇಲ್ಲ ಎಂದು ಬ್ಯಾಂಕು ಸಹಿ, ಸಿಕ್ಕೆ ಹಾಕಿ ನಿಮ್ಮ ಕೈಗೆ ಕೊಡುವ ಮಾತು ಅದು. ಆ ಹಳೆಯ ಕೋಲಿನ ಇನ್ನೊಂದು ಹೋಳು ನಿಮಗೆ ಸಿಕ್ಕ ಹಾಗೆ.

ಕಾಕಾ ಈ ಸಲದ ಲೋಕ ಅದಾಲತ್ತಿಗೆ ಹೋದರು. ನಾನೂ ಜೊತೆಗೆ ಹೋಗಿದ್ದೆ. ಬಡ್ಡಿಯಲ್ಲಿ ಒಂದಿಷ್ಟು ಬಿಟ್ಟರು, ಉಳಿದದ್ದನ್ನು ಮೂರು ಕಂತಿನಲ್ಲಿ ಕಟ್ಟಬೇಕು ಎಂದಾಯಿತು. ಮೊದಲ ಬಾರಿ ಹೋಗಿದ್ದರೆ ಮೊತ್ತ ಇನ್ನೂ ಕಡಿಮೆ ಇರುತ್ತಿತ್ತು. ಅಷ್ಟು ತಿಂಗಳ ಬಡ್ಡಿ ನನ್ನ ಒಂದು "ಹೌದ್ ಕಾಕಾ"ದ ಬೆಲೆ.

ಎರಡು ಕಂತು ಕಟ್ಟಿದ್ದಾರೆ. ರಸೀದಿಗಳನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ಹೋದ ವಾರ ಸಿಕ್ಕಾಗ ತಾವಾಗಿಯೇ ಹೇಳಿದರು:

"ಕಡೀ ಕಂತು ಕಟ್ಟಿದ ದಿನ ನೀ ಬಾ. ಬೇಬಾಕಿ ಕೈಗೆ ಬರೋತನಕ ನಾ ಅಲ್ಲಿಂದ ಏಳಾಂಗಿಲ್ಲ."